ಸೀತನಿಗೆ ಹೋದ ಮಾನ

ಹೋದ ವರ್ಷ ನನ್ನ ಗಂಡ ಭಾರಿ ಒಳ್ಳೆಯ ಮನುಷ್ಯರಾಗಿಬಿಟ್ಟರು. ಅದಕ್ಕಿಂತ ದೊಡ್ಡ ಕಷ್ಟ ನಮ್ಮ ಸಂಸಾರಕ್ಕೆ ಅಲ್ಲಿಯವರೆಗೆ ಬಂದಿರಲಿಲ್ಲ.

ಮೊದಲು ಹಾಗಿರಲಿಲ್ಲ. ವಿಜಯಪುರದ ಕಡೆಯಿಂದ ಬಂದು ಹೈದರಾಬಾದಿನ ಉಪ್ಪಲ್‌ನಲ್ಲಿ ಮನೆ ಮಾಡಿದ ಇಪ್ಪತ್ತೆರಡು ವರ್ಷ ನಾವಿಬ್ಬರೂ ಚೆನ್ನಾಗಿ ಜಗಳಾಡಿಕೊಂಡೇ ಬಾಳಿದವರು. ಫ್ಯಾನು ಎರಡರಲ್ಲಿರಬೇಕೋ ಮೂರರಲ್ಲಿರಬೇಕೋ, ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಎಷ್ಟು, ಮೆಟ್ರೋದಲ್ಲಿ ಹೋಗೋಣವೋ ಗಾಡಿಯಲ್ಲಿ ಹೋಗೋಣವೋ, ಜಗಳಕ್ಕೆ ವಿಷಯ ಹುಡುಕುವ ಕಷ್ಟ ನಮಗಿರಲಿಲ್ಲ. ಅವರು ಲೇತ್ ಮಷೀನುಗಳ ನಡುವೆ ದಿನವಿಡೀ ಕೂಗಿ ಮಾತಾಡುವ ಸೂಪರ್‌ವೈಸರು. ನಾನು ಒಂಬತ್ತು-ಹತ್ತನೇ ಕ್ಲಾಸಿನ ಮಕ್ಕಳಿಗೆ ಮನೆಯಲ್ಲೇ ಗಣಿತ ಹೇಳಿಕೊಡುವವಳು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಮ್ಮ ಜಗಳ ಶುರುವಾದರೆ ಪಕ್ಕದ ಮನೆಯವರು ತಮ್ಮ ಟಿವಿಯ ಸದ್ದು ಜಾಸ್ತಿ ಮಾಡುತ್ತಿದ್ದರು.

ಅವರಿಗಿದ್ದ ಒಂದೇ ಹುಚ್ಚು ಬೈಕು. ಡಾಂಬರು ಮುಗಿದ ಮೇಲೆ ಶುರುವಾಗುವ ದಾರಿ ಇದೆಯಲ್ಲ, ಕಲ್ಲು, ಮರಳು, ಹೊಲದ ಬದು, ಅಲ್ಲಿ ಓಡಿಸುವ ಎತ್ತರದ ಬೈಕು. ಎಂಟು-ಹತ್ತು ಜನರ ಗುಂಪೊಂದಿತ್ತು. ಅದರಲ್ಲಿ ಇವರು ಯಾವಾಗಲೂ ಕೊನೆಯ ಸವಾರ. ಬಿದ್ದವರನ್ನು ಎತ್ತುವುದು, ಹಿಂದುಳಿದವರ ಜೊತೆ ನಿಧಾನವಾಗಿ ಬರುವುದು, ಯಾರನ್ನೂ ಹಿಂದೆ ಬಿಡದೇ ಇರುವುದು, ಇದು ಕೊನೆಯವರ ಕೆಲಸ. “ಎಲ್ಲಾರ ಧೂಳ ಕುಡಿಯಾಕ ನಿಮ್ಮನ್ನ ಬಿಟ್ರ ಯಾರೂ ಸಿಗಲಿಲ್ಲೇನ್ರಿ ಅವರಿಗೆ?” ಎಂದು ನಾನು ಕೆಣಕುತ್ತಿದ್ದೆ.

ಹಾಗೆ ಯಾರನ್ನೋ ಎತ್ತಿ ಕಳಿಸಿ ಕಲ್ಲಿನ ಇಳಿಜಾರಿನಲ್ಲಿ ಒಬ್ಬರೇ ಇಳಿಯುವಾಗ ಜಾರಿದರು. ಬೈಕು ಎಡಗಾಲಿನ ಮೇಲೆ ಬಿತ್ತು. ಮೊಣಕಾಲಿನ ಕೆಳಗಿನ ಎಲುಬು ಮುರಿದು, ರಾಡು ಹಾಕಿದರು. ಆರು ತಿಂಗಳಿಗೆ ಎಲುಬು ಕೂಡಿತು. ಓಡಾಡ್ರಿ, ಮೆಟ್ಟಿಲು ಹತ್ರಿ, ಬೇಕಾದರೆ ಕುಣೀರಿ ಎಂದರು ಡಾಕ್ಟರು. ಇವರು ಮಾತ್ರ ಎಡಗಾಲನ್ನು ಬೇರೆಯವರ ಮನೆಯ ಗಾಜಿನ ಸಾಮಾನಿನ ಹಾಗೆ ಎತ್ತಿ ಎತ್ತಿ ಇಡುತ್ತಿದ್ದರು. ಭಾರವೆಲ್ಲ ಬಲಗಾಲಿನ ಮೇಲೆ. ಅದರ ಜೊತೆಗೇ ದನಿಯೂ ಹೋಯಿತು. ಏನು ಕೇಳಿದರೂ “ಆಗಲಿ”. ಫ್ಯಾನು ಆರಿಸಲೇ? ಆಗಲಿ. ನಿಮ್ಮ ಗೆಳೆಯರು ಬರ್ತೀವಂತಾರೆ, ಬ್ಯಾಡ ಅನ್ನಲೇ? ಆಗಲಿ. ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂದು ಬೈದರೆ ಅದಕ್ಕೂ ಒಂದು ಸಣ್ಣ ನಗೆ. ಒಂದು ದಿನ ಬೇಕಂತಲೇ ಸಾರಿಗೆ ಎರಡು ಪಾಲು ಉಪ್ಪು ಸುರಿದೆ. ಮೊದಲಾಗಿದ್ದರೆ ಬಟ್ಟಲು ನೂಕಿ ಎದ್ದು ನಿಲ್ಲುತ್ತಿದ್ದರು. ಅವತ್ತು ಸುಮ್ಮನೆ ಉಂಡು, ಎರಡು ಲೋಟ ನೀರು ಕುಡಿದು, “ಚಲೋ ಆಗಿತ್ತು” ಎಂದು ಕೈ ತೊಳೆದರು. ನಾನು ಅಡುಗೆಮನೆಗೆ ಹೋಗಿ ಸಿಂಕಿನ ನಲ್ಲಿ ಬಿಟ್ಟುಕೊಂಡು ಅತ್ತೆ.

ಬೈಕು ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ನಿಂತಿತ್ತು. ನಿಲ್ಲಿಸಿಟ್ಟರೆ ಬ್ಯಾಟರಿ ಸಾಯುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದ. ಇವರಂತೂ ಕೆಳಗಿಳಿಯುವವರಲ್ಲ. ಸರಿ, ಭಾನುವಾರಕ್ಕೊಮ್ಮೆ ನಾನೇ ಹೋಗಿ ಚಾಲೂ ಮಾಡತೊಡಗಿದೆ. ಒಂದು ವಾರ ಸುಮ್ಮನೆ ಚಾಲೂ ಮಾಡಿ ನಿಂತೆ. ಇನ್ನೊಂದು ವಾರ ಕಂಬದಿಂದ ಕಂಬಕ್ಕೆ ಓಡಿಸಿದೆ. ಸ್ಕೂಟರು ಗೊತ್ತಿತ್ತು, ಗೇರು ಹೊಸದು. ಆಮೇಲೆ ಆ ಗುಂಪಿನ ಲೀಡರು, ನಮ್ಮ ಏರಿಯಾದ ಹಲ್ಲಿನ ಡಾಕ್ಟರು, ನನ್ನನ್ನು ಊರ ಹೊರಗಿನ ಖಾಲಿ ಲೇಔಟಿಗೆ ಕರೆದೊಯ್ದು ನಾಲ್ಕು ತಿಂಗಳು ಕಲಿಸಿದರು. ಹನ್ನೊಂದು ಸಲ ಬಿದ್ದೆ. ಪ್ರತಿ ಸಲ ಮನೆಗೆ ಬಂದು ಕೆಸರಾದ ಅಂಗಿ-ಪ್ಯಾಂಟು ಅವರೆದುರಿಗೇ ಹಾಕುತ್ತಿದ್ದೆ, ಒಂದು ಮಾತಾದರೂ ಬೈಯಲಿ ಎಂದು. “ಹುಷಾರು” ಎನ್ನುತ್ತಿದ್ದರು. ಅಷ್ಟೇ.

ಜನವರಿಯ ಕೊನೆಯ ಶನಿವಾರ ಗುಂಪು ಸಿಂಗೂರು ಅಣೆಕಟ್ಟಿನ ಹಿನ್ನೀರಿಗೆ ಹೊರಟಿತು. ರಾತ್ರಿ ಡೇರೆಯಲ್ಲಿ ಮಲಗಿ, ಭಾನುವಾರ ಬೆಳಿಗ್ಗೆ ಹಿನ್ನೀರಿನ ಸುತ್ತಿನ ಹೊಲದ ದಾರಿಗಳಲ್ಲಿ ಓಡಿಸಿ ಮತ್ತೆ ಡೇರೆಗೆ ಬರುವುದು. ನನ್ನ ಮೊದಲನೇ ದೊಡ್ಡ ಸವಾರಿ, ಅದೂ ಅವರ ಬೈಕಿನಲ್ಲಿ. “ನೀವು ಸಾಮಾನಿನ ಕಾರು ನಡಸ್ಕೊಂಡ ಬರ್ರಿ” ಎಂದೆ. ಆಗಲಿ ಎಂದರು.

ಹಿನ್ನೀರಿನ ದಂಡೆಗೆ ನಾವು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ನೀರು ಹಿಂದೆ ಸರಿದು ಕಪ್ಪು ಎರೆಮಣ್ಣು ಅಗಲಕ್ಕೆ ಬಿಟ್ಟುಕೊಂಡಿತ್ತು. ಬೆಳ್ಳಕ್ಕಿಗಳು ಅದರ ತುದಿಯಲ್ಲಿ ಓಡಾಡುತ್ತಿದ್ದವು. ಡೇರೆ ಹೊಡೆದದ್ದು, ಒಲೆ ಹೂಡಿದ್ದು ಎಲ್ಲ ನನ್ನ ಗಂಡನೇ, ಒಂದು ಮಾತಿಲ್ಲದೆ. ಬೇಗಂ ಬಜಾರಿನ ಮಸಾಲೆ ವ್ಯಾಪಾರಿಯೊಬ್ಬರು ಗುಂಪಿನಲ್ಲಿದ್ದರು, ಇವರು ಬಿದ್ದ ಮೇಲೆ ಕೊನೆಯ ಸವಾರನ ಜಾಗಕ್ಕೆ ಬಂದವರು. ಅವರು ಎಣ್ಣೆ ಬಾಣಲೆ ಇಟ್ಟು ಮಿರ್ಚಿ ಭಜಿ ಕರಿದರು. ಎಲ್ಲರಿಗಿಂತ ಹೆಚ್ಚು ತಾವೇ ತಿಂದರು.

ಬೆಳಿಗ್ಗೆ ನೋಡಿದರೆ ಅವರು ಡೇರೆಯ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದರು. “ಪೇಟ್ ಮೇ ಹಂಗಾಮಾ ಹೋರಾ ಭಾಯ್” ಎಂದು ನರಳಿದರು. ಹೊಟ್ಟೆಯೊಳಗಿನ ಆ ಗದ್ದಲ ನಮಗೂ ಹೊರಗೆ ಕೇಳಿಸುವಷ್ಟಿತ್ತು. ಅವರು ಸವಾರಿಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಕೊನೆಯ ಸವಾರನಿಲ್ಲದೆ ಹೊರಡುವುದಿಲ್ಲ ಎನ್ನುವುದು ಹಲ್ಲಿನ ಡಾಕ್ಟರರ ನೇಮ. ಉಳಿದವರೆಲ್ಲ ಹೊಸಬರು. ಡಾಕ್ಟರು ನನ್ನ ಗಂಡನ ಕಡೆ ತಿರುಗಿ, ವ್ಯಾಪಾರಿಯ ಬೈಕು ಖಾಲಿ ನಿಂತಿದೆ, ನೀವೇ ಬನ್ನಿ, ದಾರಿ ಸುಲಭದ್ದು ಎಂದರು. ನಾನು ಬೂಟಿನ ಲೇಸು ಕಟ್ಟುವವಳ ಹಾಗೆ ಬಗ್ಗಿಬಿಟ್ಟೆ. ನನ್ನ ಮುಖ ನೋಡಿದರೆ ಆಸೆ ಅವರಿಗೆ ಕಂಡುಬಿಡುತ್ತಿತ್ತು. ಒಂದು ವರ್ಷದಿಂದ ಕಾದದ್ದು ಇದೊಂದಕ್ಕೆ: ಅವರು ಬೈಕು ಹತ್ತಬೇಕು, ಹತ್ತಿ ಮೊದಲಿನವರಾಗಬೇಕು.

“ಆಗಲಿ” ಎಂದರು. ಅದೇ ಸತ್ತ ದನಿಯಲ್ಲಿ.

ಹತ್ತಿದರು. ಆದರೆ ಕೂತ ರೀತಿಯೇ ಬೇರೆ. ಕಲ್ಲು ದಾರಿಯಲ್ಲಿ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಓಡಿಸಬೇಕು, ಅದನ್ನೇ ನಾಲ್ಕು ತಿಂಗಳು ನನಗೆ ಕಲಿಸಿದ್ದು. ಇವರು ಸೀಟಿಗೆ ಅಂಟಿಕೊಂಡು, ಎಡಗಾಲನ್ನು ಅರ್ಧ ಕೆಳಗೆ ಬಿಟ್ಟುಕೊಂಡು, ಬಸುರಿಯನ್ನು ಕೂರಿಸಿಕೊಂಡವರ ಹಾಗೆ ಹೊರಟರು.

ಈಗ ನಮ್ಮ ಗುಂಪಿನ ಪದ್ಧತಿಯೊಂದನ್ನು ಹೇಳಬೇಕು, ನನ್ನ ತಪ್ಪು ತಿಳಿಯಬೇಕಾದರೆ. ಮುಂದೆ ಲೀಡರು. ದಾರಿ ಕವಲೊಡೆದ ಕಡೆ ಅವರ ಬೆನ್ನಿಗಿರುವವರು ನಿಲ್ಲಬೇಕು. ನಿಂತು, ಹಿಂದೆ ಬರುವ ಒಬ್ಬೊಬ್ಬರಿಗೂ ಯಾವ ಕಡೆ ಎಂದು ಕೈ ತೋರಿಸಬೇಕು. ಕೊನೆಯ ಸವಾರ ಬರುವ ತನಕ ಅಲ್ಲಿಂದ ಕದಲುವಂತಿಲ್ಲ. ಕವಲಿನಲ್ಲಿ ಯಾರೂ ಕಾಣದಿದ್ದರೆ ಸೀದಾ ಹೋಗು ಎಂದರ್ಥ. ಇಷ್ಟೇ ಪದ್ಧತಿ, ಒಂದನೇ ಕ್ಲಾಸಿನ ಮಗುವಿಗೂ ತಿಳಿಯುವಂಥದ್ದು.

ಎರಡನೇ ಕವಲಿನಲ್ಲಿ ಡಾಕ್ಟರು ನನ್ನನ್ನು ನಿಲ್ಲಿಸಿ ಎಡಕ್ಕೆ ಹೋದರು. ಹಿಂದೆ ನಾಲ್ಕು ಬೈಕು ಬಂದವು, ಎಡಕ್ಕೆ ತೋರಿಸಿದೆ, ಹೋದವು. ಇನ್ನು ಉಳಿದವರು ಇಬ್ಬರೇ. ಮಣಿಕೊಂಡದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಮಂಗಳೂರಿನ ಒಬ್ಬ ಹುಡುಗಿ, ಅವಳ ಹಿಂದೆ ನನ್ನ ಗಂಡ. ಹುಡುಗಿ ತೀರಾ ನಿಧಾನ. ಐದು ನಿಮಿಷವಾಯಿತು, ಹತ್ತಾಯಿತು. ಬೈಕಿನ ಸೀಟು ಕಾದು ಕೆಂಡವಾಗುತ್ತದೆಂದು ಅದನ್ನು ಆಚೆಗಿದ್ದ ಬೇವಿನ ಮರದ ಹಿಂದಿನ ನೆರಳಿಗೆ ತಳ್ಳಿ ಬಂದೆ.

“ಎಪ್ಪಾ, ಏನ್ ಬಿಸಲಪ್ಪಾ ಶಿವನೇ” ಎಂದು ಹೆಲ್ಮೆಟ್ಟು ತೆಗೆದೆ. ಜೋಳದ ಹೊಲದೊಳಗಿಂದ ಒಂದು ಮುದುಕಿ ತಲೆ ಎತ್ತಿದಳು.

“ಅಯ್ಯ! ಕನ್ನಡದಾಕೀ ಏನ ಬೇ ನೀ? ನಾ ಯಾರೋ ಗಂಡಸು ಅಂದ್ಕೊಂಡಿದ್ದೆ. ಯಾವೂರು? ಯಾರ ಪೈಕಿ?”

ಹೇಳಿದೆ. ಅವಳನ್ನು ಬೀದರದ ಕಡೆಯಿಂದ ಈ ಊರಿಗೆ ಕೊಟ್ಟು ನಲವತ್ತು ವರ್ಷವಾಗಿತ್ತಂತೆ. ಅಷ್ಟರಲ್ಲಿ ಅವಳ ಹಿಂದಿನಿಂದ ಹೊಗೆ ಬಂತು, ಹೊಗೆಯೊಳಗಿಂದ ಆ ವಾಸನೆ ಬಂತು. ಸೀತನಿ! ಎಳೆ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಉದುರಿಸಿದ ಹಸಿರು ಕಾಳು. ವರ್ಷಕ್ಕೆ ಹದಿನೈದು-ಇಪ್ಪತ್ತು ದಿನ ಸಿಗುವಂಥದ್ದು. ಹೈದರಾಬಾದಿಗೆ ಬಂದ ಮೇಲೆ ನಾನು ಅದರ ಮುಖ ಕಂಡಿರಲಿಲ್ಲ.

“ಬಾ, ಒಂದ ಹಿಡಿ ತಿಂದ ಹೋಗು.”

“ಇಲ್ಲಬೇ ಯವ್ವಾ, ನಾ ಇಲ್ಲಿ ನಿಂದರಬೇಕು.”

“ಸೀತನಿ ಸುಡೂ ಹೊಲದ ಮುಂದ ಬಂದಾಕಿ ಒಲ್ಲೆ ಅಂತಾಳಂದ್ರ! ನಿಮ್ಮವ್ವ ಇದನ್ನ ಕಲಸ್ಯಾಳೇನ ನಿನಗ?”

ಅವ್ವನ ಹೆಸರು ಎತ್ತಿದ ಮೇಲೆ ಮುಗಿಯಿತು. ನಮ್ಮ ಕಡೆ ಸೀತನಿ ಸುಡುವಾಗ ದಾರಿಹೋಕರನ್ನು ಕರೆಯದೆ ಇರುವಂತಿಲ್ಲ, ಕರೆದರೆ ಒಲ್ಲೆ ಎನ್ನುವಂತಿಲ್ಲ. ಇಪ್ಪತ್ತು ಹೆಜ್ಜೆ, ಒಂದು ಹಿಡಿ, ಗಾಡಿಯ ಸದ್ದು ಕೇಳಿದರೆ ಓಡಿ ಬಂದರಾಯಿತು ಎಂದುಕೊಂಡೆ. ಹೋಗಿ ಕೂತೆ. ಜೊತೆಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಒಂದು ಚೂರು ಬೆಲ್ಲ. ಒಂದು ಹಿಡಿ ಮೂರಾಯಿತು. ಮುದುಕಿಯ ತವರೂರಿನಲ್ಲಿ ನನ್ನ ಅತ್ತಿಗೆಯ ಸೋದರಮಾವನ ಮನೆ ಇತ್ತು ಎನ್ನುವುದೂ ಹೊರಬಿತ್ತು. ಸದ್ದು ಕೇಳಿದಾಗ ಬಾಯಿತುಂಬ ಕಾಳು, ಕಾಲು ಜೋಮು ಹಿಡಿದಿತ್ತು. ಎದ್ದು ಓಡಿ ಬರುವಷ್ಟರಲ್ಲಿ ಎರಡೂ ಬೈಕು ಕವಲು ದಾಟಿ ಸೀದಾ ಹೋಗಿಬಿಟ್ಟಿದ್ದವು. ಕೂಗಿದೆ. ಹೆಲ್ಮೆಟ್ಟಿನೊಳಗೆ ಯಾರಿಗೆ ಕೇಳುತ್ತದೆ?

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ಸೀತನಿಗೆ ಹೋಯಿತು.

ಆ ಸೀದಾ ದಾರಿ ಇಳಿದು ಹೋಗುತ್ತಿದ್ದದ್ದು ಹಿನ್ನೀರು ಬಿಟ್ಟ ಎರೆಮಣ್ಣಿಗೆ. ಮೇಲೆ ಒಣಗಿ ಬಿರುಕು ಬಿಟ್ಟು ಗಟ್ಟಿ ನೆಲದ ಹಾಗೆ ಕಾಣುತ್ತದೆ, ಕೆಳಗೆಲ್ಲ ಹಸಿ. ನಾನು ಬೈಕು ಹತ್ತಿ ಅವರ ಹಿಂದೆ ಓಡಿಸಿದೆ. ದಂಡೆಗೆ ಬಂದು ನೋಡಿದರೆ ಎರಡು ಬೈಕೂ ಗಾಲಿ ಮುಳುಗಿ ಸಿಕ್ಕಿಕೊಂಡಿದ್ದವು. ಹುಡುಗಿ ಮೊಣಕೈ ಹಿಡಿದುಕೊಂಡು ನಿಂತಿದ್ದಳು. ನನ್ನ ಗಂಡ ಕೆಸರಿನಲ್ಲಿ ಬೋರಲು ಬಿದ್ದಿದ್ದರು, ಅಲುಗಾಟ ಕಾಣಲಿಲ್ಲ.

ಕಾಲು! ಅದೇ ಕಾಲು! ಬೈಕು ಹಾಗೇ ಬಿಟ್ಟು ಕೆಸರಿಗೆ ಇಳಿದೆ. ಒಂದು ಬೂಟು ಅಲ್ಲೇ ಉಳಿಯಿತು. ದೇವರೇ, ನನ್ನ ನಾಲಿಗೆಗೆ ಬೆಂಕಿ ಹಾಕು, ಅವರ ಕಾಲು ಉಳಿಸು ಎಂದು ಬಡಬಡಿಸುತ್ತ ಓಡಿದೆ.

ಅವರು ಬಿದ್ದಿರಲಿಲ್ಲ. ಬೋರಲು ಮಲಗಿ, ತೋಳು ಪೂರ್ತಿ ಒಳಗೆ ಹಾಕಿ, ಹಿಂದಿನ ಗಾಲಿಯ ಕೆಳಗಿನ ಕೆಸರನ್ನು ಬಾಚುತ್ತಿದ್ದರು. ನನ್ನ ಸಪ್ಪಳಕ್ಕೆ ಎದ್ದರು. ತಲೆಯಿಂದ ಕಾಲಿನವರೆಗೆ ಕಪ್ಪು, ಕಣ್ಣೆರಡು ಮಾತ್ರ ಬೆಳ್ಳಗೆ.

“ಖಬರ್ ಐತೇನ ನಿನಗ?” ಎಂದರು. ಅಲ್ಲ, ಕೂಗಿದರು. ದಂಡೆಯ ಬೆಳ್ಳಕ್ಕಿಗಳೆಲ್ಲ ಎದ್ದವು. “ಕವಲ ಬಿಟ್ಟು ಎಲ್ಲಿ ಹಾಳಾಗಿ ಹೋಗಿದ್ದಿ? ನಿನ್ನ ನಂಬಿ ಹಿಂದ ಒಂದ ಹುಡುಗಿ ಬರಾಕತ್ತಿತ್ತು! ಊರ ಮಕ್ಕಳಿಗೆಲ್ಲಾ ಗಣಿತಾ ಕಲಸ್ತೀ, ಎರಡ ದಾರ್‍ಯಾಗ ಒಂದ ತೋರಸಾಕ ಬರಲಿಲ್ಲ ನಿನಗ? ಖಬರಗೇಡಿ!”

ನಾನು ಕೆಸರಿನಲ್ಲೇ ಕೂತುಬಿಟ್ಟೆ. ಅಳು ಒತ್ತರಿಸಿ ಬಂತು.

“ಎಂತ ಸರ್, ಆಂಟಿ ಅಳ್ತಿದ್ದಾರೆ, ಬೈಬೇಡಿ ಮಾರಾಯ್ರೆ” ಎಂದಳು ಹುಡುಗಿ.

“ಸುಮ್ಮನಿರವ್ವಾ. ಬೈಲಿ. ಇನ್ನೂ ಬೈರಿ” ಎಂದೆ ನಾನು. ನನಗೆ ಆಗಿದ್ದ ಸಂತೋಷ ಆ ಹುಡುಗಿಗೆ ಹೇಗೆ ಗೊತ್ತಾಗಬೇಕು? ವರ್ಷವಾಗಿತ್ತು ಆ ದನಿ ಕೇಳಿ.

“ಏನ ಮಾಡಾಕತ್ತಿದ್ದಿ ಹೇಳು!”

“ಸೀತನಿ ತಿನ್ನಾಕತ್ತಿದ್ದೆ.”

“ಸೀತನಿ?” ಎಂದರು. ಮತ್ತೆ ಮೊದಲಿಗಿಂತ ಜೋರಾಗಿ, “ಒಬ್ಬಾಕೀನ ತಿಂದ್ಯಾ? ನನಗ ಒಂದ ಹಿಡಿ ತರಾಕ ಆಗಲಿಲ್ಲ?” ಎಂದರು.

ಹುಡುಗಿ ನಕ್ಕಳು. ನನಗೆ ನಗುವ ಮುಖ ಇರಲಿಲ್ಲ. ಅವಳ ಮೊಣಕೈ ತರಚಿ ರಕ್ತ ಬಂದಿತ್ತು. ನೀರು ಇನ್ನೂ ಹತ್ತಿರವಿದ್ದಿದ್ದರೆ ಏನಾಗುತ್ತಿತ್ತೋ. ಅವಳ ಕೈ ಹಿಡಿದು, ತಪ್ಪಾಯಿತವ್ವಾ ಎಂದೆ. ಜೀವನದಲ್ಲಿ ಆ ಮಾತನ್ನು ನಾನು ಹೆಚ್ಚು ಸಲ ಆಡಿದವಳಲ್ಲ.

ಅಷ್ಟರಲ್ಲಿ ಮುದುಕಿ ತಲೆಯ ಮೇಲೆ ಒಣ ಕಣಿಕೆಯ ಹೊರೆ ಹೊತ್ತು ಬಂದಳು. ಎರೆಮಣ್ಣಿನಲ್ಲಿ ಚಕ್ಕಡಿ ಸಿಕ್ಕಿದರೂ ಅದೇ ಉಪಾಯವಂತೆ, ಗಾಲಿಯ ಮುಂದೆ ಜೋಳದ ದಂಟು ಹಾಸಬೇಕು. ಹಾಸುತ್ತಲೇ ನನ್ನ ಗಂಡನಿಗೆ ಹೇಳಿದಳು, “ತಮ್ಮಾ, ಹೇಣ್ತಿಗಿ ಹಿಂಗ ಬೈಬಾರದಪ್ಪ. ಕರದಾಕಿ ನಾ.”

“ನೀವ ಸುಮ್ಕಿರ್ರಿ ಯವ್ವಾ. ಇದು ನಮ್ಮ ಮನೀ ಜಗಳ” ಎಂದರು ಇವರು.

ನಮ್ಮ ಮನೆ ಜಗಳ! ಆ ಮಾತು ಕಿವಿಗೆ ಎಷ್ಟು ಹಿತವಾಯಿತೆಂದರೆ ಇನ್ನೊಮ್ಮೆ ಅನ್ನಿ ಎಂದು ಕೇಳಬೇಕೆನಿಸಿತು.

ಬೈಕು ನೂಕುವಾಗ ನಾನು ನೋಡಿದೆ. ಅವರು ಎಡಗಾಲನ್ನು ಕೆಸರಿನಲ್ಲಿ ಊರಿ, ಅದರ ಮೇಲೆ ಪೂರಾ ಭಾರ ಹಾಕಿ, ಹೆಗಲು ಕೊಟ್ಟು ಎತ್ತುತ್ತಿದ್ದರು. ಅವರಿಗದು ನೆನಪೇ ಇರಲಿಲ್ಲ. ನಾನು ತುಟಿ ಕಚ್ಚಿ ಹಿಡಿದೆ. “ಕಾಲು ಹುಷಾರು” ಎಂದರೆ ನೆನಪಾಗಿಬಿಡುತ್ತದಲ್ಲ. ಎರಡೂ ಬೈಕು ಕಣಿಕೆಯ ಮೇಲೆ ಹೊರಳಿ ಗಟ್ಟಿ ನೆಲಕ್ಕೆ ಬಂದವು.

ಕೊನೆಯವರು ಬಾರದಿದ್ದರೆ ಲೀಡರು ಹಿಂತಿರುಗಿ ಹುಡುಕಬೇಕು. ಡಾಕ್ಟರು ಬಂದರು, ಹುಡುಗಿಯ ಮೊಣಕೈಗೆ ಪಟ್ಟಿ ಕಟ್ಟಿದರು. ಕಾರಣ ಕೇಳಿದರು. ಹೇಳಿದೆ. ಕೆಟ್ಟ ಹಲ್ಲು ನೋಡುವ ಹಾಗೆ ನನ್ನನ್ನು ನೋಡಿ, ಇನ್ನು ಮುಂದೆ ಕವಲಿನಲ್ಲಿ ಬೇರೆಯವರು ನಿಲ್ಲಲಿ ಎಂದರು. ನ್ಯಾಯವೇ. ತಲೆ ತಗ್ಗಿಸಿದೆ.

“ಬ್ಯಾಡ ಡಾಕ್ಟರ. ಆಕೀನ ನಿಲ್ಲಲಿ” ಎಂದರು ನನ್ನ ಗಂಡ. ನನ್ನ ಕಡೆ ತಿರುಗಿ, “ನಾ ಬರೂತನಕ ಅಲ್ಲಿಂದ ಕದಲಿದ್ಯೋ, ನೋಡು ಮತ್ತ!” ಎಂದರು.

ಕೊನೆಯ ಕವಲು ಇದ್ದದ್ದು ಒಂದು ಕಲ್ಲಿನ ಇಳಿಜಾರಿನ ಬುಡದಲ್ಲಿ. ಇಳಿದು ಬಂದು ಬಲಕ್ಕೆ ಹೊರಳಬೇಕು. ನಿಂತೆ, ಕವಲಿನ ನಟ್ಟ ನಡುವೆ, ಬೈಕನ್ನೂ ಬಿಸಿಲಲ್ಲೇ ನಿಲ್ಲಿಸಿಕೊಂಡು. ಒಬ್ಬೊಬ್ಬರೂ ಇಳಿದರು, ಬಲಕ್ಕೆ ತೋರಿಸಿದೆ. ಹುಡುಗಿಯೂ ತೆವಳುತ್ತ ಇಳಿದು, “ಸರ್ ಹಿಂದೆ ಇದ್ದಾರೆ ಆಂಟಿ” ಎಂದು ಹೋದಳು.

ಸರ್ ಬರಲಿಲ್ಲ. ಮೇಲೆ ಗಾಡಿಯ ಸದ್ದು ಕೇಳುತ್ತಿತ್ತು, ಅದೂ ನಿಂತಿತು. ಇಳಿಜಾರು ನೋಡಿದೆ. ಅವತ್ತು ಬಿದ್ದದ್ದೂ ಇಂಥದ್ದೇ ಕಲ್ಲಿನಲ್ಲಿ. ಮೇಲೆ ಕೂತುಬಿಟ್ಟರೇ? ಬಿದ್ದರೇ? ಓಡಿ ಹತ್ತಿದರೆ ಎರಡು ನಿಮಿಷ. ಇನ್ನು ಹಿಂದೆ ಬರುವವರು ಯಾರೂ ಇಲ್ಲ, ನಾನು ಕವಲು ಬಿಟ್ಟರೆ ಯಾರಿಗೂ ದಾರಿ ತಪ್ಪುವುದಿಲ್ಲ. ಒಂದು ಹೆಜ್ಜೆ ಇಟ್ಟೇಬಿಟ್ಟೆ. ಆಮೇಲೆ ಹೊಳೆಯಿತು. ಈಗ ಹತ್ತಿ ಹೋದರೆ, ನಿಮ್ಮ ಕೈಲಿ ಇಳಿಯಲು ಆಗುವುದಿಲ್ಲ ಎಂದು ನಾನೇ ಅವರಿಗೆ ಹೇಳಿದ ಹಾಗೆ. ಇಟ್ಟ ಹೆಜ್ಜೆ ಹಿಂದೆ ತೆಗೆದೆ. ನನ್ನಂಥ ದುಡುಕಿನವಳು ಅಷ್ಟು ಹೊತ್ತು ಒಂದೇ ಕಡೆ ನಿಂತದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಬೈಕಿನ ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಂಡೆ.

ಮೇಲೆ ಗಾಡಿ ಚಾಲೂ ಆಯಿತು. ಕಲ್ಲಿನ ತುದಿಯಲ್ಲಿ ಮೊದಲು ಹೆಲ್ಮೆಟ್ಟು ಕಂಡಿತು, ಆಮೇಲೆ ಎದೆ. ಅಷ್ಟು ಎತ್ತರಕ್ಕೆ ಯಾಕೆ ಕಂಡಿತು ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಅವರು ಕೂತಿರಲಿಲ್ಲ. ಫುಟ್‌ರೆಸ್ಟಿನ ಮೇಲೆ ಎರಡೂ ಕಾಲೂರಿ ಎದ್ದು ನಿಂತಿದ್ದರು. ಹಾಗೇ ನಿಂತೇ, ಕಲ್ಲಿನಿಂದ ಕಲ್ಲಿಗೆ, ಅವಸರವಿಲ್ಲದೆ, ಪೂರ್ತಿ ಇಳಿದು ನನ್ನ ಮುಂದೆ ಬಂದು ಬ್ರೇಕು ಹಾಕಿದರು.

ನಾನು ಏನೇನೋ ಒಳ್ಳೆಯ ಮಾತು ಕೂಡಿಟ್ಟುಕೊಂಡಿದ್ದೆ. ಬಾಯಿ ತೆರೆದರೆ ಬಂದದ್ದೇ ಬೇರೆ.

“ಎಷ್ಟ ಹೊತ್ತರೀ! ಬಿಸಲಾಗ ಒಣಗಿ ಸಂಡಿಗಿ ಆದೆ ನಾ ಇಲ್ಲಿ!”

“ನಿಂತಿದ್ದು ಹತ್ತ ಮಿನಿಟು! ಅಷ್ಟು ಸೈತ ನಿಲ್ಲಾಕ ಆಗೂದಿಲ್ಲೇನ ನಿನಗ?”

“ಹತ್ತಲ್ಲ, ಇಪ್ಪತ್ತು!”

“ಹತ್ತು!”

ಉಪ್ಪಲ್ ಮುಟ್ಟಿದ ಮೇಲೂ ಅದು ತೀರ್ಮಾನವಾಗಲಿಲ್ಲ.